ಸನ್ನತಿಯ ಅಶೋಕ: ಒಂದು ಸ್ಪಷ್ಟನೆ

'ಅಶೋಕ ಸನ್ನತಿಗೆ ಬಂದಾಗ ಎದುರಿಗೆ ಕೂರಿಸಿ ಕೆತ್ತಿದ ಶಿಲ್ಪ ಚಂದ್ರಲಾಂಬಾ ಗುಡಿಯಲ್ಲಿದೆ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದರಲ್ಲಿ ಎರಡು ಬೇರೆ ವಿಷಯಗಳು ಕಲಸಿಹೋಗಿವೆ.

ಗುಡಿಯ ಆವರಣದಲ್ಲಿ ಸಿಕ್ಕಿದ್ದು ಶಿಲ್ಪವಲ್ಲ, ಶಾಸನ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ನೋಡಿದರೆ, ದೇವಿಯ ಪೀಠದ ಕಲ್ಲಿನ ಮೇಲೆಯೇ ಅಶೋಕನ ಆಜ್ಞೆಗಳಿದ್ದವು! ಎಷ್ಟು ವರ್ಷ ಜನ ಅದಕ್ಕೇ ಕೈ ಮುಗಿದಿದ್ದರೋ.

ಶಿಲ್ಪ ಸಿಕ್ಕಿದ್ದು ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ, 1990ರ ದಶಕದಲ್ಲಿ ಶುರುವಾದ ಉತ್ಖನನದಲ್ಲಿ. ರಾಣಿಯ ಜೊತೆ ನಿಂತ ರಾಜ, ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕ' ಎಂಬ ಹೆಸರು. ಆದರೆ ಅದು ಶಾತವಾಹನರ ಕಾಲದ ಕೆತ್ತನೆ. ಅಶೋಕ ತೀರಿಕೊಂಡು ನೂರಕ್ಕೂ ಜಾಸ್ತಿ ವರ್ಷವಾಗಿತ್ತು. ಎದುರಿಗೆ ಕೂರಿಸಿ ಕೆತ್ತುವುದು ಹೇಗೆ, ಅಲ್ವಾ? ಅವನು ಇಲ್ಲಿಗೆ ಬಂದಿದ್ದ ಎಂದು ಗುಡಿಯಲ್ಲಿ ಸಿಕ್ಕ ಶಾಸನವೂ ಹೇಳುವುದಿಲ್ಲ.

ಹೋಗುವವರು ಗುಡಿಯಷ್ಟೇ ನೋಡಿ ವಾಪಸಾಗಬೇಡಿ. ಸ್ತೂಪಕ್ಕೂ ಹೋಗಿ. ಎರಡೂ ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿಯ ದಂಡೆಯಲ್ಲೇ ಇವೆ. ಬಿಸಿಲು ಜೋರು, ನೀರಿನ ಬಾಟಲಿ ಜೊತೆಗಿರಲಿ.