ಪಫ್, ಪಾಪ್, ಬ್ಲೋ: ಪರೀಕ್ಷೆಗೆ ಬಾರದ ಇಂಗ್ಲಿಷ್

ನಮ್ಮ ಕಡೆಯಿಂದ ಇಂಗ್ಲೆಂಡಿಗೆ ಬರುವವರಿಗೆ ದೊಡ್ಡ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಸಣ್ಣ ಇಂಗ್ಲಿಷ್ ಬರುವುದಿಲ್ಲ. ‘ವೆಂಟಿಲೇಷನ್’, ‘ರೆಸ್ಪಿರೇಟರಿ’, ‘ಎಕ್ಸಾಜರೇಷನ್’ ಎಲ್ಲಾ ಸಲೀಸು. ಸ್ಪೆಲಿಂಗೂ ತಪ್ಪುವುದಿಲ್ಲ. ಆದರೆ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ನಾಲ್ಕು ಮಾತಾಡಿದರೆ ಎರಡು ಮಾತು ಕೈಗೆ ಸಿಗುವುದಿಲ್ಲ. ಆಕೆ ಆಡಿದ್ದೆಲ್ಲ ಒಂದನೇ ಕ್ಲಾಸಿನ ಮಕ್ಕಳೂ ಓದಬಲ್ಲ ಪದಗಳೇ. ಪಫ್, ಪಾಪ್, ಬ್ಲೋ, ವಿಂಡ್, ಬ್ಲಾಸ್ಟ್. ಎಲ್ಲವೂ ಗಾಳಿಯ ಪದಗಳು, ಬಾಯಿಂದ ಒಂದೇ ಉಸಿರಿಗೆ ಹೊರಬೀಳುವಂಥವು. ಹೋದಲ್ಲೆಲ್ಲ ಅರ್ಥ ಬದಲಾಯಿಸುತ್ತವೆ.

ಇವನ್ನೆಲ್ಲ ಒಂದೇ ಕೋಣೆಯಲ್ಲಿ ಕೇಳಬೇಕೆಂದರೆ ಇಲ್ಲಿನ ಸರ್ಜರಿಗೆ ಹೋಗಬೇಕು. ಸರ್ಜರಿ ಅಂದರೆ ಇಲ್ಲಿ ಬಡಾವಣೆಯ ಡಾಕ್ಟರ ಕ್ಲಿನಿಕ್, ಯಾರೂ ಕತ್ತರಿ ಹಿಡಿದು ಬರುವುದಿಲ್ಲ. ನಾನಿರುವುದು ಲೀಡ್ಸ್‌ನಲ್ಲಿ. ಆಸ್ತಮಾ ಇರುವವರನ್ನು ವರ್ಷಕ್ಕೊಮ್ಮೆ ಕರೆದು ನೋಡುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ನರ್ಸಮ್ಮ, ‘ಪಾಪ್ ಯುವರ್ ಕೋಟ್ ಆಫ್, ಲವ್’ ಅನ್ನುತ್ತಾರೆ. ಕೋಟು ತೆಗೆದರೆ ‘ಪಾಪ್ ಯುವರ್‌ಸೆಲ್ಫ್ ಡೌನ್’. ಕೂತ ಮೇಲೆ, ಮೆಟ್ಟಿಲು ಹತ್ತಿದರೆ ‘ಪಫ್ಡ್’ ಆಗ್ತೀರಾ ಅಂತ ಪ್ರಶ್ನೆ. ಏದುಸಿರು ಬರುತ್ತದೆಯೇ ಅಂತ. ಆಮೇಲೆ ಉಸಿರಿನ ಜೋರು ಅಳೆಯುವ ಪೀಕ್ ಫ್ಲೋ ಮೀಟರ್ ಕೈಗೆ ಕೊಟ್ಟು ಒಂದು ಗಟ್ಟಿ ‘ಬ್ಲೋ’ ಕೊಡಿ ಅನ್ನುತ್ತಾರೆ. ಮೂರು ಸಲ ಊದಿಸಿ, ಮುಳ್ಳು ಯಾವ ಸಲ ಜಾಸ್ತಿ ದೂರ ಹೋಯಿತೋ ಅದನ್ನು ಬರೆದುಕೊಳ್ಳುತ್ತಾರೆ. ಕೊನೆಗೆ ನೀಲಿ ಇನ್‌ಹೇಲರ್ ತೋರಿಸಿ, ‘ದಿನಕ್ಕೆ ಎಷ್ಟು ಪಫ್?’ ಐದು ನಿಮಿಷದ ಹಿಂದೆ ಪಫ್ ಅಂದರೆ ಉಸಿರು ಕಳೆದುಕೊಳ್ಳುವುದಾಗಿತ್ತು. ಈಗ ಅದೇ ಪಫ್ ಉಸಿರು ವಾಪಸ್ ಕೊಡುವ ಔಷಧಿಯ ಅಳತೆ! ನರ್ಸಮ್ಮನಿಗೆ ಇದರಲ್ಲಿ ಏನೂ ವಿಚಿತ್ರ ಕಾಣುವುದಿಲ್ಲ. ಯಾಕೆ ಕಾಣಬೇಕು?

ಈ ‘ಪಾಪ್’ ಬಗ್ಗೆ ಸ್ವಲ್ಪ ಹೇಳಲೇಬೇಕು. ಗುಳ್ಳೆ ಒಡೆದಾಗಿನ ಸದ್ದು ಅದು, ಅಷ್ಟೇ. ಆದರೆ ಇಲ್ಲಿನವರ ದಿನ ಅದಿಲ್ಲದೆ ಮುಂದಕ್ಕೆ ಹೋಗುವುದಿಲ್ಲ. ಟೀಗೆ ನೀರಿಡುವುದು ಪಾಪ್, ಅಂಗಡಿಗೆ ಹೋಗಿಬರುವುದು ಪಾಪ್, ನೆಂಟರ ಮನೆಯಲ್ಲಿ ತಲೆ ಹಾಕುವುದೂ ಪಾಪ್. ಉತ್ತರ ಇಂಗ್ಲೆಂಡಿನಲ್ಲಿ ಗುಳ್ಳೆ ಬರುವ ತಂಪು ಪಾನೀಯವೂ ಪಾಪ್. ಯಾರಾದರೂ ತೀರಿಕೊಂಡರೆ ‘ಪಾಪ್ಡ್ ಹಿಸ್ ಕ್ಲಾಗ್ಸ್’ ಅನ್ನುವುದೂ ಇದೆ. ಕ್ಲಾಗ್ಸ್ ಅಂದರೆ ಲ್ಯಾಂಕಾಷೈರ್ ಕಡೆ ಬಟ್ಟೆ ಗಿರಣಿ ಕೂಲಿಗಳು ಹಾಕುತ್ತಿದ್ದ, ಮರದ ಅಟ್ಟೆಯ ಬೂಟು. ಆಸ್ಪತ್ರೆಯಲ್ಲಿ ಈ ಪದ ಮಾಡುವ ಕೆಲಸ ಮಾತ್ರ ನನಗೆ ತುಂಬಾ ಇಷ್ಟ. ಗುರುತಿಲ್ಲದವರಿಗೆ ‘ಅಂಗಿ ಬಿಚ್ಚಿ, ಮಲಗಿ’ ಅಂತ ನೇರವಾಗಿ ಹೇಳಿದರೆ ಒರಟಾಗಿ ಕೇಳುತ್ತದೆ. ಪಾಪ್ ಸೇರಿಸಿದರೆ ಅದೊಂದು ದೊಡ್ಡ ಸಂಗತಿಯೇ ಅಲ್ಲ, ಕ್ಷಣದಲ್ಲಿ ಮುಗಿಯುತ್ತದೆ ಅನ್ನುವ ಸಮಾಧಾನ ಅದರೊಳಗೇ ಬಂದುಬಿಡುತ್ತದೆ. ಕನ್ನಡದಲ್ಲಿ ಈ ಕೆಲಸಕ್ಕೆ ನಮಗೆ ‘ಒಂಚೂರು’ ಇದೆ. ‘ಒಂಚೂರು ಕೈ ಚಾಚಿ’, ‘ಒಂಚೂರು ಆ ಕಡೆ ತಿರುಗಿ’. ಕೈಯನ್ನು ಪೂರ್ತಿಯೇ ಚಾಚಬೇಕು, ಆದರೂ ಒಂಚೂರು! ಶಾಲೆಯಲ್ಲಿ ಇದನ್ನು ನಮಗೂ ಯಾರೂ ಕಲಿಸಲಿಲ್ಲ.

ಪಫ್ ಅಂದರೆ ನಮಗೆ ಮೊದಲು ನೆನಪಾಗುವುದು ಬೇಕರಿ. ಒಂದೇ ತಗೊಂಡರೂ ‘ಒಂದು ಪಫ್ಸ್ ಕೊಡಿ’ ಅನ್ನುವುದೇ ನಮ್ಮ ರೂಢಿ. ಹಿಟ್ಟಿನ ಪದರ, ಬೆಣ್ಣೆ, ಮತ್ತೆ ಹಿಟ್ಟಿನ ಪದರ. ಒಲೆಯಲ್ಲಿ ಅದರೊಳಗಿನ ನೀರು ಹಬೆಯಾಗಿ ಪದರ ಬಿಡಿಸಿ ಉಬ್ಬಿಸುತ್ತದೆ. ಒಳಗೆ ಮುಕ್ಕಾಲು ಗಾಳಿ. ಹಾಗಾಗಿಯೇ ಇರಬೇಕು, ಮಾಲನ್ನು ಹೊಗಳಿ ಉಬ್ಬಿಸುವ ಜಾಹೀರಾತಿಗೂ ಇಂಗ್ಲಿಷಿನಲ್ಲಿ ಪಫ್ ಅಂತಲೇ ಹೆಸರು. ಈ ಅರ್ಥದ ಮೇಲೆ ಲಂಡನ್ನಿನಲ್ಲಿ ದೊಡ್ಡ ಕೇಸೇ ನಡೆದಿದೆ. ಬೆಂಗಳೂರಿನ ಲಾ ಕಾಲೇಜಿನಲ್ಲಿ ಓದಿದ ಯಾರನ್ನೇ ಕೇಳಿ, ಕಾಂಟ್ರ್ಯಾಕ್ಟ್ ಪಾಠದಲ್ಲಿ ಮೊದಲು ಕಲಿತದ್ದು ಇದನ್ನೇ ಅನ್ನುತ್ತಾರೆ.

1889ರಿಂದ ಯುರೋಪಿನಲ್ಲೆಲ್ಲ ಇನ್‌ಫ್ಲುಯೆಂಜಾ ಹಬ್ಬಿತ್ತು. ಕಾರ್ಬಾಲಿಕ್ ಸ್ಮೋಕ್ ಬಾಲ್ ಅನ್ನುವ ಕಂಪನಿ ಒಂದು ರಬ್ಬರ್ ಚೆಂಡು ಮಾರುತ್ತಿತ್ತು. ಅದರೊಳಗೆ ಕಾರ್ಬಾಲಿಕ್ ಆಸಿಡ್ಡಿನ ಪುಡಿ, ಹೊರಗೊಂದು ಕೊಳವೆ. ಕೊಳವೆಯನ್ನು ಮೂಗಿಗಿಟ್ಟು ಚೆಂಡು ಹಿಸುಕಿದರೆ ಪುಸ್ಸಂತ ಪುಡಿ ಮೂಗಿನೊಳಗೆ. ಮೂಗು ಸೋರಿ ರೋಗ ಹೊರಗೆ ಹೋಗುತ್ತದಂತೆ. 1891ರ ನವೆಂಬರಿನಲ್ಲಿ ಕಂಪನಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ದಿನಕ್ಕೆ ಮೂರು ಸಲದಂತೆ ಎರಡು ವಾರ ಇದನ್ನು ಬಳಸಿಯೂ ಫ್ಲೂ ಬಂದರೆ 100 ಪೌಂಡ್ ಕೊಡುತ್ತೇವೆ. ನಮ್ಮ ಮಾತು ನಿಜ ಅನ್ನುವುದಕ್ಕೆ ಬ್ಯಾಂಕಿನಲ್ಲಿ 1000 ಪೌಂಡ್ ಇಟ್ಟಿದ್ದೇವೆ. ಶ್ರೀಮತಿ ಕಾರ್ಲಿಲ್ ಅನ್ನುವ ಹೆಂಗಸು ಚೆಂಡು ಕೊಂಡು ಹೇಳಿದ ಹಾಗೇ ಮೂಗಿಗೆ ಹಿಡಿದರು. ಜನವರಿಯಲ್ಲಿ ಫ್ಲೂ ಬಂತು. ದುಡ್ಡು ಕೊಡಿ ಅಂದರು. ಕಂಪನಿ ಕೊಡಲಿಲ್ಲ. ಅದೆಲ್ಲ ಬರೀ ಪಫ್ ಸ್ವಾಮಿ, ಜಾಹೀರಾತಿನ ಮಾತನ್ನು ಯಾರಾದರೂ ನಿಜ ಅಂದುಕೊಳ್ಳುತ್ತಾರಾ ಅನ್ನುವ ಧಾಟಿಯಲ್ಲಿ ವಾದ ಹೂಡಿತು. ಮೂಗಿಗೆ ಪಫ್ ಕೊಟ್ಟವರೇ ಕೋರ್ಟಿನಲ್ಲಿ ಪಫ್ ಅಂದರು ನೋಡಿ. 1892ರ ಡಿಸೆಂಬರಿನಲ್ಲಿ ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. ಪಫ್ ಆಗಿದ್ದರೆ ಬ್ಯಾಂಕಿನಲ್ಲಿ ಸಾವಿರ ಪೌಂಡ್ ಇಟ್ಟದ್ದು ಯಾಕೆ? ಆಯಮ್ಮನಿಗೆ ನೂರು ಪೌಂಡ್ ಕೊಡಬೇಕು ಅಂತ ತೀರ್ಪಾಯಿತು. ಇಷ್ಟನ್ನೂ ಬಾಯಿಪಾಠ ಮಾಡಿದ ನಮ್ಮ ವಕೀಲರಿಗೂ, ಓಡಿ ಬಂದ ಮಗು ‘ಐಯಾಮ್ ಪಫ್ಡ್’ ಅಂದರೆ ತಿಳಿಯದೇ ಇರಬಹುದು.

ಇನ್ನು ಡ್ರಾಫ್ಟ್. ಊರಿನಲ್ಲಿ ಡ್ರಾಫ್ಟ್ ಅಂದರೆ ಬ್ಯಾಂಕಿನ ಡಿ.ಡಿ., ಇಲ್ಲವೇ ಅರ್ಜಿಯ ಕರಡು. ಇಲ್ಲಿ ಅದು ಚಳಿಗಾಲದ ಶತ್ರು. ಬಾಗಿಲ ಕೆಳಗಿನ ಸಂದಿಯಿಂದ, ಅಂಚೆ ಹಾಕುವ ಕಿಂಡಿಯಿಂದ, ಹಳೇ ಕಿಟಕಿಯ ಚೌಕಟ್ಟಿನಿಂದ ಒಳಗೆ ನುಸುಳುವ ತಣ್ಣನೆ ಗಾಳಿ. ಅದಕ್ಕೆ ಅಡ್ಡ ಹಾಕುವುದಕ್ಕೆಂದೇ ಹತ್ತಿ ತುರುಕಿದ ಉದ್ದನೆಯ ಬಟ್ಟೆ ಕೊಳವೆ ಸಿಗುತ್ತದೆ. ಕೆಲವಕ್ಕೆ ನಾಯಿಯ ಮುಖ ಹೊಲಿದಿರುತ್ತಾರೆ. ಸಂಜೆಯಾದರೆ ಅದನ್ನು ಬಾಗಿಲ ಬುಡಕ್ಕೆ ಕಾಲಲ್ಲಿ ತಳ್ಳುವುದು ಒಂದು ನಿತ್ಯಕರ್ಮ. ನಮ್ಮಲ್ಲಿ ಮನೆ ನೋಡಲು ಹೋದವರು ಹೊಗಳುವ ಮೊದಲ ಮಾತೇ ‘ಗಾಳಿ ಬೆಳಕು ಚೆನ್ನಾಗಿದೆ’. ಇಲ್ಲಿ ಅದೇ ಮನೆ ‘ಡ್ರಾಫ್ಟಿ’, ಬೇಡ. ಊರಿಂದ ಬಂದ ದೊಡ್ಡವರು ಗಾಳಿ ಆಡಲಿ ಅಂತ ಕಿಟಕಿ ತೆಗೆಯುವುದು, ಮನೆ ಮಕ್ಕಳು ಓಡಿಬಂದು ಮುಚ್ಚುವುದು, ಇದು ಇಲ್ಲಿನ ಕನ್ನಡ ಮನೆಗಳಲ್ಲಿ ನವೆಂಬರಿನಿಂದ ಮಾರ್ಚಿವರೆಗೆ ನಡೆಯುವ ಆಟ. ದೊಡ್ಡವರದೇ ಸರಿ ಅಂತ ನನ್ನ ಮತ. ಎಲ್ಲಾ ಸಂದಿ ಮುಚ್ಚಿದ ಮನೆಗಳಲ್ಲೇ ಗೋಡೆಗೆ ಬೂಷ್ಟು ಹಿಡಿಯುವುದು.

ಈ ಡ್ರಾಫ್ಟಿನ ಬುಡದಲ್ಲಿರುವುದು ಎಳೆಯುವುದು ಅನ್ನುವ ಅರ್ಥ. ಸಂದಿ ಗಾಳಿಯನ್ನು ಎಳೆಯುತ್ತದೆ, ಪೀಪಾಯಿಯಿಂದ ಬಿಯರ್ ಎಳೆಯುತ್ತಾರೆ, ಎತ್ತು ಗಾಡಿ ಎಳೆಯುತ್ತದೆ. ಪಶುವೈದ್ಯರ ಪುಸ್ತಕದಲ್ಲಿ ನಮ್ಮ ಹಳ್ಳಿಕಾರ್, ಅಮೃತಮಹಲ್ ತಳಿಗಳೂ ಡ್ರಾಫ್ಟ್ ತಳಿಗಳೇ. ಬ್ರಿಟಿಷರು ಗಾಳಿಗೂ ಬಿಯರಿಗೂ ಎತ್ತಿಗೂ ಒಂದು ಸ್ಪೆಲಿಂಗ್, ಬ್ಯಾಂಕಿಗೂ ಕರಡಿಗೂ ಇನ್ನೊಂದು ಇಟ್ಟುಕೊಂಡಿದ್ದಾರೆ. ಅಮೆರಿಕದವರು ಎಲ್ಲಕ್ಕೂ ಒಂದೇ ಮಾಡಿ ಕೈ ತೊಳೆದುಕೊಂಡರು. ಬಾಯಲ್ಲಿ ಎರಡೂ ಒಂದೇ.

ಬ್ಲಾಸ್ಟ್ ಬಗ್ಗೆ ಜಾಸ್ತಿ ಬೇಡ. ನಮಗೆ ಬ್ಲಾಸ್ಟ್ ಅಂದರೆ ಬಾಂಬು. ಇಲ್ಲಿ ಪಾರ್ಟಿ ಚೆನ್ನಾಗಿದ್ದರೂ ಬ್ಲಾಸ್ಟ್, ಬಸ್ಸು ತಪ್ಪಿದರೂ ‘ಬ್ಲಾಸ್ಟ್!’. ಒಂದು ಮಾತ್ರ ಹೇಳುತ್ತೇನೆ. ಭತ್ತದ ಎಲೆ ಸುಟ್ಟಂತೆ ಕಾಣುವ ಶಿಲೀಂಧ್ರ ರೋಗಕ್ಕೆ ಇಂಗ್ಲಿಷಿನಲ್ಲಿ ಬ್ಲಾಸ್ಟ್ ಅನ್ನುತ್ತಾರೆ, ಕೆಟ್ಟ ಗಾಳಿ ಬೀಸಿ ಬೆಳೆ ಒಣಗಿತು ಅನ್ನುವ ಹಳೇ ಲೆಕ್ಕ. ನಮ್ಮ ರೈತರು ಅದನ್ನೇ ಬೆಂಕಿ ರೋಗ ಅನ್ನುತ್ತಾರೆ. ಅವರ ಕಣ್ಣಿಗೆ ಗಾಳಿ ಕಂಡಿತು, ನಮ್ಮವರ ಕಣ್ಣಿಗೆ ಬೆಂಕಿ.

ಇಂಗ್ಲಿಷಿನ ಹುಚ್ಚಾಟ ಇದು ಅಂತ ನಗುವವರು ನಮ್ಮ ‘ಬೀಸು’ ನೋಡಬೇಕು. ಲೀಡ್ಸ್‌ನ ನಮ್ಮ ವಾರಾಂತ್ಯದ ಕನ್ನಡ ತರಗತಿಗೆ ಇಲ್ಲೇ ಹುಟ್ಟಿದ ಮಕ್ಕಳು ಬರುತ್ತಾರೆ. ಗಾಳಿ ಬೀಸುತ್ತದೆ, ಸರಿ. ಬೀಸಣಿಗೆಯನ್ನೂ ಬೀಸುತ್ತೇವೆ, ಅದೂ ಸರಿ. ಅಜ್ಜಿ ರಾಗಿ ಬೀಸಿದರು ಅಂದರೆ ಒಂದು ಹುಡುಗಿ, ರಾಗಿ ಹಾರಿಹೋಗಲಿಲ್ವಾ ಅಂತ ಕೇಳಿದಳು. ಮೀನುಗಾರ ಬಲೆ ಬೀಸುತ್ತಾನೆ, ರೈಲಿನಲ್ಲಿ ಹೋಗುವವರಿಗೆ ಕೈ ಬೀಸುತ್ತೇವೆ, ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು. ‘ಊದು’ ಇನ್ನೂ ಮಜಾ. ಶಂಖ ಊದುವುದೂ ಅದೇ, ಕಾಲು ಊದಿಕೊಳ್ಳುವುದೂ ಅದೇ. ಕಾಲಿನೊಳಗೆ ಯಾರು ಊದಿದರು ಅಂತ ಮಕ್ಕಳಿಗೆ ನಗು. ರಾತ್ರಿ ಬೆಂಗಳೂರಿನಲ್ಲಿ ಗಾಡಿ ನಿಲ್ಲಿಸಿ ಪೊಲೀಸರು ‘ಊದಿ ಸಾರ್’ ಅನ್ನುವುದು ಮಾತ್ರ ಇಲ್ಲಿನ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ಇಲ್ಲಿಯೂ ಪೊಲೀಸರು ‘ಬ್ಲೋ’ ಅಂತಲೇ ಹೇಳಿ ಊದಿಸುವುದು. 1967ರ ಕಾನೂನಿನಿಂದ ಶುರುವಾದದ್ದು ಅದು.

ದೊಡ್ಡ ಪದ, ಸಣ್ಣ ಪದ ಅನ್ನುವ ಈ ಜಾತಿಭೇದ ಎರಡೂ ಕಡೆ ಇದೆ. ಇಂಗ್ಲಿಷಿನ ದೊಡ್ಡ ಪದಗಳು ಹೆಚ್ಚಾಗಿ ಲ್ಯಾಟಿನ್, ಫ್ರೆಂಚಿನಿಂದ ಬಂದವು. ಬ್ಲೋ, ವಿಂಡ್ ಅವರ ಮನೆಯಲ್ಲೇ ಹುಟ್ಟಿದವು. ನಮ್ಮಲ್ಲಿ ವಾಯುಪಡೆ, ವಾಯುಮಾಲಿನ್ಯ ಬರೆಯಲಿಕ್ಕೆ. ಆದರೆ ಕಿಟಕಿ ಪಕ್ಕ ಕೂತು ‘ಆಹಾ, ವಾಯು ಬೀಸುತ್ತಿದೆ’ ಅಂದು ನೋಡಿ, ಮನೆಯವರು ನಿಮ್ಮಿಂದ ದೂರ ಸರಿಯುತ್ತಾರೆ.

ಅಮ್ಮ ಇಲ್ಲಿಗೆ ಬಂದಿದ್ದಾಗ ಹೊಟ್ಟೆ ಉಬ್ಬರಿಸಿಕೊಂಡಿತು. ನನ್ನ ತಮ್ಮ ಅವರನ್ನು ಔಷಧಿ ಅಂಗಡಿಗೆ ಕರೆದುಕೊಂಡು ಹೋದ. ‘ಗ್ಯಾಸ್ಟ್ರಿಕ್’ ಅಂದ, ಫಾರ್ಮಸಿಸ್ಟ್ ಹುಬ್ಬೇರಿಸಿದರು. ‘ಫ್ಲಾಟ್ಯುಲೆನ್ಸ್’ ಅಂದ, ದನಿ ತಗ್ಗಿಸಿ. ‘ಓ, ವಿಂಡ್!’ ಅಂತ ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿ ಆಕೆ ಒಂದು ಡಬ್ಬಿ ತೆಗೆದುಕೊಟ್ಟರು. ‘ಟ್ರ್ಯಾಪ್ಡ್ ವಿಂಡ್’ ಅಂತ ಅದರ ಮೇಲೆ ಅಚ್ಚಾಗಿತ್ತು. ಸಿಕ್ಕಿಹಾಕಿಕೊಂಡ ಗಾಳಿ. ಅಮ್ಮನಿಗೆ ತಮ್ಮನ ಮೇಲೆ ಸಿಟ್ಟು. ‘ಹೊಟ್ಟೇಲಿ ಗಾಳಿ ಸೇರ್ಕೊಂಡಿದೆ ಅಂತ ನಾನು ಹೇಳಿದ್ನಲ್ಲೋ, ಅದನ್ನೇ ಇಂಗ್ಲಿಷಲ್ಲಿ ಹೇಳೋಕೆ ನಿಂಗೇನು ಕಷ್ಟ?’ ಎಂಜಿನಿಯರಿಂಗ್ ಓದಿದವನ ಬಳಿ ಉತ್ತರ ಇರಲಿಲ್ಲ.

ಇದು ನಗುವ ವಿಷಯ ಮಾತ್ರ ಆಗಿದ್ದರೆ ಬರೆಯುತ್ತಿರಲಿಲ್ಲ. ಮಂಗಳೂರಿನಿಂದ, ಕೇರಳದಿಂದ ನರ್ಸುಗಳು ಇಲ್ಲಿಗೆ ಬರುತ್ತಾರೆ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಹಿಡಿದು ಬಂದವರಿಗೆ ಓದು, ಕೇಳು, ಮಾತು ಮೂರರಲ್ಲೂ 7 ಅಂಕ, ಬರವಣಿಗೆಯಲ್ಲಿ 6.5 ಬೇಕು. ಕೋಚಿಂಗಿನಲ್ಲಿ ಉದ್ದುದ್ದ ಪದ ಉರು ಹೊಡೆಸುತ್ತಾರೆ. ವಾರ್ಡಿಗೆ ಬಂದರೆ ಎಂಬತ್ತು ದಾಟಿದ ಯಾರ್ಕ್‌ಷೈರಿನ ಮುದುಕರು ಪಫ್ಡ್ ಅನ್ನುತ್ತಾರೆ, ವಿಂಡ್ ಅನ್ನುತ್ತಾರೆ, ಎರಡೂ ಎದೆ ಹಿಡಿದುಕೊಂಡೇ. ಒಂದಕ್ಕೆ ಆಮ್ಲಜನಕ ನೋಡಬೇಕು, ಇನ್ನೊಂದಕ್ಕೆ ಪುದೀನ ಟೀ ಸಾಕಾಗಬಹುದು. ಡಾಕ್ಟರು, ನರ್ಸುಗಳಂಥವರಿಗೆಂದೇ ಇರುವ ಒಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ರೋಗಿಯ ಪಾತ್ರ ಮಾಡುವವರ ಜೊತೆ ಮಾತಾಡಿಸುತ್ತಾರೆ, ಅಷ್ಟರ ಮಟ್ಟಿಗೆ ವಾಸಿ. ನನ್ನ ಪರಿಚಯದ ಮಂಗಳೂರಿನ ನರ್ಸ್ ಒಬ್ಬರು ಜೇಬಿನ ಪುಸ್ತಕದ ಹಿಂಬದಿಯಿಂದ ಇಂಥ ಪದ ಬರೆದುಕೊಳ್ಳುತ್ತಾ ಬಂದಿದ್ದಾರೆ. ಊರಿನಲ್ಲಿ ಪರೀಕ್ಷೆಗೆ ಕೂತಿರುವ ತಂಗಿಗೆ ಅದರ ಫೋಟೋ ತೆಗೆದು ಕಳಿಸುತ್ತಾರೆ. ಪಾಪ್‌ಗೆ ಒಂದು ಪುಟ ಸಾಲದೆ ಎರಡನೆಯದು ಶುರುವಾಗಿದೆಯಂತೆ.