ದಕ್ಷಿಣ ಆಫ್ರಿಕಾ ಯಾವ ಕಾಲಂಗೆ ಸೇರುತ್ತೆ?

ಸರ್ಕಾರದ ಬಗೆಗಳನ್ನು ನಾವು ಮಕ್ಕಳಿಗೆ ಕೋಷ್ಟಕ ಹಾಕಿ ಕಲಿಸುತ್ತೇವೆ. ಒಂದು ಕಾಲಂನಲ್ಲಿ ರಾಜಪ್ರಭುತ್ವ, ಪಕ್ಕದಲ್ಲಿ ಸರ್ವಾಧಿಕಾರ, ಅದರ ಪಕ್ಕ ಪ್ರಜಾಪ್ರಭುತ್ವ. ಚುನಾವಣೆ ಇದೆಯಾ, ಸಂಸತ್ತು ಇದೆಯಾ, ನ್ಯಾಯಾಲಯ ಇದೆಯಾ ಅಂತ ಟಿಕ್ ಹಾಕಿದರೆ ಪಾಠ ಮುಗೀತು. ಜನಾಂಗ, ವರ್ಣಭೇದ ಅನ್ನೋದು ಬೇರೆಯದೇ ಅಧ್ಯಾಯ. ಅಲ್ಲಿ ಮಂಡೇಲಾ ಫೋಟೊ, ಮಾರ್ಟಿನ್ ಲೂಥರ್ ಕಿಂಗ್ ಫೋಟೊ, ಕೊನೆಗೆ ‘ಎಲ್ಲರೂ ಸಮಾನರು’ ಅಂತ ಒಂದು ವಾಕ್ಯ. ಈ ಎರಡು ಪಾಠಗಳಿಗೂ ಸಂಬಂಧ ಇದೆ ಅಂತ ಓದಿದ ಮಗುವಿಗೆ ಗೊತ್ತೇ ಆಗುವುದಿಲ್ಲ. ನನ್ನ ತಕರಾರು ಇರೋದೇ ಇಲ್ಲಿ.

1965ರ ದಕ್ಷಿಣ ಆಫ್ರಿಕಾವನ್ನು ಆ ಕೋಷ್ಟಕದಲ್ಲಿ ಎಲ್ಲಿ ಕೂರಿಸ್ತೀರಿ? ಅಲ್ಲಿ ಸಂಸತ್ತಿತ್ತು. ಚುನಾವಣೆ ನಡೆಯುತ್ತಿತ್ತು. ವಿರೋಧ ಪಕ್ಷ, ನ್ಯಾಯಾಧೀಶರು, ಪತ್ರಿಕೆಗಳು ಎಲ್ಲ ಇದ್ದವು. ವರ್ಣಭೇದ ನೀತಿ ತಂದ ನ್ಯಾಷನಲ್ ಪಾರ್ಟಿ 1948ರಲ್ಲಿ ಗದ್ದುಗೆ ಏರಿದ್ದೂ ಚುನಾವಣೆ ಗೆದ್ದೇ. ಆದರೆ ದೇಶದಲ್ಲಿ ಜಾಸ್ತಿ ಇದ್ದಿದ್ದು ಕಪ್ಪು ಜನ, ಅವರಿಗೆ ಆ ಸಂಸತ್ತಿಗೆ ಮತ ಹಾಕುವ ಹಕ್ಕಿರಲಿಲ್ಲ. ಟಿಕ್ ಎಲ್ಲಿ ಹಾಕೋಣ ಹೇಳಿ?

1950ರಲ್ಲಿ ಅಲ್ಲಿ ಒಂದು ಕಾಯ್ದೆ ಬಂತು. ಪ್ರತಿಯೊಬ್ಬರನ್ನೂ ಇಂಥ ಜನಾಂಗ ಅಂತ ಸರ್ಕಾರದ ಪುಸ್ತಕದಲ್ಲಿ ಬರೆದುಕೊಳ್ಳುವ ಕಾಯ್ದೆ. ಎಲ್ಲಿ ಮನೆ ಮಾಡಬೇಕು, ಮಗು ಯಾವ ಶಾಲೆಗೆ ಹೋಗಬೇಕು, ಯಾರನ್ನು ಮದುವೆ ಆಗಬಹುದು, ಎಲ್ಲಕ್ಕೂ ಆ ಒಂದು ಪದವೇ ಆಧಾರ. ನೋಡಿದರೆ ಗೊತ್ತಾಗದಿದ್ದಾಗ ಕೂದಲೊಳಗೆ ಪೆನ್ಸಿಲ್ ಸಿಕ್ಕಿಸುತ್ತಿದ್ದರು. ಜಾರಿ ಬಿದ್ದರೆ ಬಿಳಿಯರು, ನಿಂತರೆ ಅಲ್ಲ. ಒಡಹುಟ್ಟಿದವರೇ ಬೇರೆ ಬೇರೆ ಜನಾಂಗದವರಾಗಿಬಿಟ್ಟ ಉದಾಹರಣೆಗಳಿವೆ. ಇದನ್ನು ಕೇಳಿದ ಮಕ್ಕಳು ಮೊದಲು ನಗುತ್ತಾರೆ. ನಗಲಿ ಬಿಡಿ. ‘ತಲೆ ಬೋಳಿಸಿಕೊಂಡು ಹೋಗಿದ್ರೆ?’ ಅಂತ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ಅಲ್ಲಿಂದ ಪಾಠ ಶುರು.

ಜನಾಂಗದ ವಿಜ್ಞಾನ ಹೇಳಲೇಬೇಕು, ಆದರೆ ಅಲ್ಲೇ ನಿಲ್ಲಬಾರದು. ಯಾವ ಇಬ್ಬರು ಮನುಷ್ಯರ ಡಿಎನ್‌ಎ ತೆಗೆದುಕೊಂಡರೂ ಶೇ. 99.9ರಷ್ಟು ಒಂದೇ. ಸರಿ. ಹಾಗಾದರೆ ಈ ಗೋಡೆಗಳೆಲ್ಲ ಎಲ್ಲಿಂದ ಬಂದವು ಅಂತ ಮಗು ಕೇಳುತ್ತೆ. ಅದಕ್ಕೆ ಉತ್ತರ ಜೀವಶಾಸ್ತ್ರದ ಪುಸ್ತಕದಲ್ಲಿಲ್ಲ, ಸರ್ಕಾರದ ಕಡತಗಳಲ್ಲಿದೆ.

ನನ್ನ ಕೈಯಲ್ಲಿದ್ದರೆ ಪ್ರತಿ ತರಗತಿಯಲ್ಲೂ ಎರಡು ತೀರ್ಪು ಓದಿಸುತ್ತಿದ್ದೆ. ಎರಡೂ ಅಮೆರಿಕದ ಸುಪ್ರೀಂ ಕೋರ್ಟಿನವು. ಆಗ ಅಲ್ಲಿಗೆ ವಲಸೆ ಬಂದವರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕನ್ ಮೂಲದವರಿಗೆ ಮಾತ್ರ ಪೌರತ್ವ. ಜಪಾನಿನಿಂದ ಬಂದ ಟಾಕಾವೊ ಒಜಾವಾ 20 ವರ್ಷ ಅಲ್ಲೇ ಬದುಕಿದವರು, ಮನೆಯಲ್ಲೂ ಇಂಗ್ಲಿಷ್ ಮಾತಾಡುತ್ತಿದ್ದವರು. ನನ್ನ ಚರ್ಮವೂ ಬಿಳಿಯೇ ಅಂತ ವಾದಿಸಿದರು. 1922ರ ನವೆಂಬರಿನಲ್ಲಿ ಕೋರ್ಟ್ ಹೇಳಿತು: ಬಣ್ಣ ಮುಖ್ಯವಲ್ಲ, ಬಿಳಿಯರು ಅಂದರೆ ಕಕೇಶಿಯನ್ ಜನಾಂಗದವರು (ಯುರೋಪಿನವರೂ ಸೇರಿದ ಗುಂಪಿಗೆ ಅಂದಿನ ವಿದ್ವಾಂಸರು ಇಟ್ಟಿದ್ದ ಹೆಸರು), ನೀವು ಅಲ್ಲ. ಮೂರೇ ತಿಂಗಳಿಗೆ, 1923ರ ಫೆಬ್ರವರಿಯಲ್ಲಿ, ಭಗತ್ ಸಿಂಗ್ ಥಿಂಡ್ ಅವರ ಕೇಸಿನ ತೀರ್ಪು. ಪಂಜಾಬಿನವರು, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಅಂದಿನ ‘ವಿಜ್ಞಾನ’ವೇ ಭಾರತೀಯರನ್ನು ಕಕೇಶಿಯನ್ ಅನ್ನುತ್ತೆ, ಹಾಗಾಗಿ ನಾನು ಬಿಳಿಯ ಅಂದರು. ಕೋರ್ಟ್ ತಿರುಗಿಬಿತ್ತು. ವಿಜ್ಞಾನ ಏನೇ ಹೇಳಲಿ, ಸಾಮಾನ್ಯ ಜನ ನಿಮ್ಮನ್ನು ಬಿಳಿಯರು ಅನ್ನುವುದಿಲ್ಲ, ನಡೀರಿ! ಎರಡೂ ತೀರ್ಪು ಬರೆದವರು ಒಬ್ಬರೇ ನ್ಯಾಯಾಧೀಶರು, ಜಾರ್ಜ್ ಸದರ್‌ಲ್ಯಾಂಡ್. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರು ಇದರಿಂದ ಅದನ್ನೂ ಕಳೆದುಕೊಂಡರು.

ಇದರಲ್ಲೊಂದು ಇರಿಸುಮುರಿಸಿನ ವಿಷಯವೂ ಇದೆ, ಅದನ್ನೂ ಮುಚ್ಚಿಡಬಾರದು. ಥಿಂಡ್ ಈ ಕಾನೂನೇ ತಪ್ಪು ಅನ್ನಲಿಲ್ಲ. ನಾನು ಮೇಲ್ಜಾತಿಯವನು, ಆರ್ಯ ರಕ್ತದವನು, ನನ್ನನ್ನೂ ಆ ಕಡೆ ಸೇರಿಸಿಕೊಳ್ಳಿ ಅಂದರು. ಒಳ್ಳೆಯವರು, ಕೆಟ್ಟವರು ಅಂತ ಎರಡೇ ಗುಂಪು ಮಾಡಿ ಕಲಿಸುವವರಿಗೆ ಈ ಕೇಸ್ ಇಷ್ಟ ಆಗುವುದಿಲ್ಲ.

ಸರ್ವಾಧಿಕಾರದ ಕಡೆ ಬಂದರೆ ನಾಜಿ ಜರ್ಮನಿ ಇದೆ. 1935ರ ನ್ಯೂರೆಂಬರ್ಗ್ ಕಾನೂನುಗಳು ರಕ್ತದ ಮಾತಾಡಿದವು. ಆದರೆ ರಕ್ತ ನೋಡಿ ಯಾರು ಯಹೂದಿ ಅಂತ ಹೇಳೋದು ಹೇಗೆ? ಕೊನೆಗೆ ಅಜ್ಜ ಅಜ್ಜಿ ಯಾವ ಧರ್ಮಕ್ಕೆ ಸೇರಿದ್ದರು ಅಂತ ದಾಖಲೆ ಹುಡುಕಿದರು. ಇನ್ನು ಸೋವಿಯತ್ ಒಕ್ಕೂಟ. ಅಲ್ಲಿನ 1936ರ ಸಂವಿಧಾನದಲ್ಲಿ ಎಲ್ಲ ಜನಾಂಗಗಳೂ ಸಮಾನ ಅಂತ ಚೆಂದವಾಗಿ ಬರೆದಿತ್ತು. ಮರುವರ್ಷವೇ ದೂರಪ್ರಾಚ್ಯದಲ್ಲಿದ್ದ ಸುಮಾರು 1,70,000 ಕೊರಿಯನ್ನರನ್ನು ರೈಲಿಗೆ ತುಂಬಿ ಕಜಾಕಿಸ್ತಾನಕ್ಕೂ ಉಜ್ಬೇಕಿಸ್ತಾನಕ್ಕೂ ಸಾಗಿಸಿದರು.

ಹಾಗಾಗಿ ಕೋಷ್ಟಕಕ್ಕೆ ನನ್ನದೊಂದು ಸಾಲು ಸೇರಿಸಿ: ಲೆಕ್ಕಕ್ಕೆ ಬಂದವರು ಯಾರು, ಬಿಟ್ಟುಹೋದವರು ಯಾರು? ಅಮೆರಿಕದ ಲೂಸಿಯಾನಾದಲ್ಲಿ 1896ರಲ್ಲಿ 1,30,000 ಕಪ್ಪು ಮತದಾರರಿದ್ದರು. 1898ರಲ್ಲಿ ರಾಜ್ಯದ ಹೊಸ ಸಂವಿಧಾನ ಬಂತು. ಓದು ಬರಹ ಅಥವಾ ಆಸ್ತಿ ಇರಬೇಕು ಅಂತ ನಿಯಮ. 1867ಕ್ಕೆ ಮುಂಚೆ ನಿಮ್ಮ ಅಪ್ಪನಿಗೋ ತಾತನಿಗೋ ಮತದ ಹಕ್ಕಿದ್ದರೆ ಮಾತ್ರ ವಿನಾಯಿತಿ. ಗುಲಾಮರ ಮಕ್ಕಳು, ಮೊಮ್ಮಕ್ಕಳು ಎಲ್ಲಿಂದ ತರಬೇಕು ಅಂಥ ತಾತನನ್ನು? 1900ರ ಹೊತ್ತಿಗೆ ಉಳಿದವರು ಐದು ಸಾವಿರ ಚಿಲ್ಲರೆ. ಆ ಕಾನೂನಿನಲ್ಲಿ ‘ಕಪ್ಪು’ ಅನ್ನೋ ಪದವೇ ಬೇಕಾಗಲಿಲ್ಲ ನೋಡಿ.

ಚಿಕ್ಕ ಮಕ್ಕಳ ತಲೆಗೆ ಯಾಕ್ರೀ ರಾಜಕೀಯ ಅಂತ ಪೋಷಕರು ಕೇಳಬಹುದು. ಮೇಷ್ಟ್ರು ತಮ್ಮ ಅಭಿಪ್ರಾಯ ತುರುಕುತ್ತಾರೆ ಅನ್ನೋ ಭಯ ಸುಮ್ನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. ಅದಕ್ಕೇ ಕಾನೂನಿನ ಪಠ್ಯವನ್ನೇ ಓದಿಸಿ ಅನ್ನೋದು. ಭಾಷಣ ಕಮ್ಮಿ ಆಗುತ್ತೆ. ಆದರೆ ಅರ್ಧ ತರಗತಿಯನ್ನು ಮಾಲೀಕರು, ಇನ್ನರ್ಧವನ್ನು ಗುಲಾಮರು ಮಾಡಿ ಆಡಿಸುವ ‘ಚಟುವಟಿಕೆ’ ಬೇಡವೇ ಬೇಡ. ಅದರಿಂದ ಒಂದಿಬ್ಬರು ಮಕ್ಕಳಿಗೆ ನೋವಾಗುತ್ತೆ, ಉಳಿದವರಿಗೆ ಅದು ಬರೀ ಆಟ.

ಇಷ್ಟೆಲ್ಲ ಕೇಳಿ ಮಕ್ಕಳು ‘ಹಾಗಾದ್ರೆ ಎಲ್ಲ ಸರ್ಕಾರಗಳೂ ಒಂದೇ’ ಅಂತ ತೀರ್ಮಾನಕ್ಕೆ ಬಂದರೆ ಪಾಠ ಕೆಟ್ಟ ಹಾಗೆ. ಒಂದೇ ಅಲ್ಲ. ಥಿಂಡ್‌ಗೆ 1936ರಲ್ಲಿ ಪೌರತ್ವ ಸಿಕ್ಕಿತು, ಯುದ್ಧದ ಯೋಧರಿಗಾಗಿ ಸಂಸತ್ತು ಹೊಸ ಕಾನೂನು ಮಾಡಿದ್ದರಿಂದ. ಭಾರತೀಯರಿಗೆಲ್ಲ 1946ರಲ್ಲಿ ಆ ಬಾಗಿಲು ತೆರೆಯಿತು, ಜಪಾನಿನವರಿಗೆ 1952ರಲ್ಲಿ. ಬೀದಿಯ ಹೋರಾಟ, ಕೋರ್ಟ್, ಪತ್ರಿಕೆ, ಮತ ಎಲ್ಲ ಸೇರಿ ಅಮೆರಿಕದಲ್ಲಿ 1965ರ ಮತದಾನದ ಹಕ್ಕಿನ ಕಾಯ್ದೆ ಬಂತು. ರೈಲು ಹತ್ತಿಸಿದ ಕೊರಿಯನ್ನರು ಮೊರೆ ಹೋಗಲು ಯಾವ ಕೋರ್ಟ್ ಇತ್ತು? ತಪ್ಪಾದಾಗ ತಿದ್ದೋಕೆ ದಾರಿ ಇದೆಯಾ, ಆ ದಾರಿ ಯಾರಿಗೆ ತೆರೆದಿದೆ, ಎಷ್ಟು ವರ್ಷ ಹಿಡಿಯುತ್ತೆ ಅಂತ ಹೋಲಿಸಿ ನೋಡುವುದನ್ನು ಮಕ್ಕಳು ಕಲಿಯಲಿ.

ಇದಕ್ಕೆಲ್ಲ ಪೀರಿಯಡ್ ಎಲ್ಲಿದೆ ಅಂತ ಶಿಕ್ಷಕ ಮಿತ್ರರು ಕೇಳ್ತಾರೆ. ಕೋಷ್ಟಕವನ್ನು ಬೋರ್ಡ್ ಮೇಲೆ ಬರೆದು, ನೋಟ್ಸ್‌ಗೆ ಇಳಿಸಿ, ಬಾಯಿಪಾಠ ಒಪ್ಪಿಸಿಕೊಳ್ಳೋಕೆ ಹೋಗುವ ಪೀರಿಯಡ್‌ಗಳಲ್ಲೇ ಎರಡು ಕೊಡಿ ಸಾಕು. ಒಜಾವಾ ತೀರ್ಪಿನ ಒಂದು ಪುಟ ಅರ್ಧ ತರಗತಿಗೆ, ಥಿಂಡ್ ತೀರ್ಪಿನ ಒಂದು ಪುಟ ಇನ್ನರ್ಧಕ್ಕೆ. ಎರಡೂ ಗುಂಪು ಓದಿ ಮುಗಿಸೋವರೆಗೆ ನೀವು ಏನೂ ಹೇಳಬೇಡಿ.