ಹತ್ತು ಸಾವಿರದ ಬೋರ್ಡು

ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಬಲು ನಿಷ್ಠುರ. ವಕೀಲರು ಜಾಹೀರಾತು ಕೊಡುವಂತಿಲ್ಲ, ಕೇಸು ಕೊಡಿ ಎಂದು ಮಂದಿಯ ಬೆನ್ನು ಬೀಳುವಂತಿಲ್ಲ. ಕಚೇರಿ ಮುಂದಿನ ಬೋರ್ಡೂ ಅಳತೆ ಮೀರಬಾರದು. ‘ಜಮೀನು ವ್ಯಾಜ್ಯದಲ್ಲಿ ಪಳಗಿದವರು’ ಎಂದು ಅದರ ಮೇಲೆ ಬರೆಸುವ ಹಾಗೂ ಇಲ್ಲ. ಸೀರೆ ಅಂಗಡಿಯವರು ಬಸ್ಸಿನ ಬೆನ್ನ ಮೇಲೆಲ್ಲ ರಾರಾಜಿಸುವಾಗ ಕರಿಕೋಟಿನವರು ನೋಡುತ್ತ ಕೂರಬೇಕು. ಈ ಗೋಡೆಗೆ ಪ್ರಜಾಪ್ರಭುತ್ವ ಕೊರೆದಿಟ್ಟ ಕಿಂಡಿಯೇ ಪಕ್ಷೇತರ ಉಮೇದುವಾರಿಕೆ.

2023ರ ಕರ್ನಾಟಕ ವಿಧಾನಸಭಾ ಚುನಾವಣೆಯ ಕಣದಲ್ಲಿದ್ದ ಪಕ್ಷೇತರರು 918. ಗೆದ್ದವರು ಇಬ್ಬರು. ಉಳಿದ 916 ಮಂದಿ ಸೋತರು ಎನ್ನುವುದು ಲೆಕ್ಕ ಬಾರದವರ ಮಾತು. ಅವರಲ್ಲಿದ್ದ ವಕೀಲರು ಸೋಲಲಿಲ್ಲ, ಪರಿಚಯವಾದರು. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ನಾಮಪತ್ರ ವಾಪಸಾತಿ ಮುಗಿದ ಏಪ್ರಿಲ್ 24ರಿಂದ ಪ್ರಚಾರ ನಿಂತ ಮೇ 8ರವರೆಗೆ ಎರಡು ವಾರ ಊರೆಲ್ಲ ಫೋಟೊ, ಕೆಳಗೆ ‘ವಕೀಲರು’. ಕೊನೆಗೆ ಮತಯಂತ್ರದ ಮೇಲೂ ಭಾವಚಿತ್ರ, ಅದೂ ಸರ್ಕಾರದ ಖರ್ಚಿನಲ್ಲಿ. ಹೆಸರಿನ ಜೊತೆ ವೃತ್ತಿಯ ಬಿರುದು ಸೇರಿಸಲು ಅಡ್ಡಿಯಿಲ್ಲ. ಅಕ್ಷರಾನುಕ್ರಮಕ್ಕೆ ಮಾತ್ರ ಆ ಬಿರುದು ಲೆಕ್ಕಕ್ಕಿಲ್ಲ. ‘ಅಡ್ವೊಕೇಟ್’ ಎಂದು ಬರೆಸಿಕೊಂಡು ಪಟ್ಟಿಯ ತುದಿಗೆ ಹಾರಲು ಹೊರಟವರನ್ನು ನಿಯಮ ಮೊದಲೇ ಕಂಡಿದೆ.

ಈ ಬೋರ್ಡು ಹಿಂದೆ ಇನ್ನೂ ಅಗ್ಗವಿತ್ತು. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ 456 ಮಂದಿ, ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರಕ್ಕೆ 1,033 ಮಂದಿ ನಿಂತು ಮತಪತ್ರವನ್ನು ಪುಸ್ತಕ ಮಾಡಿಬಿಟ್ಟರು. ಆಗ ವಿಧಾನಸಭೆಯ ಠೇವಣಿ ಬರೀ 250 ರೂಪಾಯಿ. ಅದೇ ವರ್ಷ 5,000 ಆಯಿತು, 2010ರಲ್ಲಿ 10,000. ಪಕ್ಷೇತರರ ನಾಮಪತ್ರಕ್ಕೆ ಸಹಿ ಹಾಕಿ ಹೆಸರು ಸೂಚಿಸಲು ಹತ್ತು ಜನ ಸೂಚಕರು ಬೇಕೆಂಬ ಷರತ್ತೂ ಆ ಗದ್ದಲದ ಕೂಸು.

ವಕೀಲ ಸಾಹೇಬರು ಮುಗ್ಗರಿಸುವುದು ಈ ಹತ್ತು ಜನರಲ್ಲೇ. ಸೂಚಕರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಕೋರ್ಟಿನ ಕ್ಯಾಂಟೀನಿನಲ್ಲಿ ಹಿಡಿದು ಸಹಿ ಹಾಕಿಸಿಕೊಂಡ ಕಕ್ಷಿದಾರರು ಎಲ್ಲೆಲ್ಲಿಯವರೋ. ಹೆಬ್ಬೆಟ್ಟಿನವರಿದ್ದರೆ ಗುರುತು ಒತ್ತುವುದು ಚುನಾವಣಾಧಿಕಾರಿಯ ಇಲ್ಲವೇ ಆಯೋಗ ಗೊತ್ತುಮಾಡಿದ ಅಧಿಕಾರಿಯ ಎದುರೇ ಆಗಬೇಕು. ಒಳಗೆ ಬಿಡುವುದೋ ಉಮೇದುವಾರ ಮತ್ತು ನಾಲ್ವರನ್ನು ಮಾತ್ರ. ಕೊನೆಯ ದಿನ, ಮಧ್ಯಾಹ್ನ ಎರಡೂ ಮುಕ್ಕಾಲು. ಮೇಜಿನಾಚೆಯ ಸಿಬ್ಬಂದಿ ಮತದಾರರ ಪಟ್ಟಿಯ ಮೇಲೆ ಸ್ಕೇಲು ಇಟ್ಟು ಸಾಲು ಸಾಲಾಗಿ ಇಳಿಯುತ್ತಾರೆ.

“ಸಾರ್, ಒಂಬತ್ತನೇ ಸೂಚಕರು ಪಕ್ಕದ ಕ್ಷೇತ್ರದವರು.”

“ಸರಿಪಡಿಸಬಹುದಾದ ಲೋಪ ಕಣ್ರೀ ಅದು. ಒಂದು ವಾಯಿದೆ ಕೊಡಿ.”

“ಮೂರು ಗಂಟೆಗೆ ಬಾಗಿಲು ಹಾಕ್ತೀವಿ ಸಾರ್.”

ಒಬ್ಬರು ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು. ಬೇರೆ ಹತ್ತು ಸೂಚಕರಿಂದ ಇನ್ನೊಂದು ತುಂಬಿಸಿಟ್ಟಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಆದರೆ ಹತ್ತು ಮಂದಿಯನ್ನೇ ಹೊಂದಿಸಲಾಗದವರು ಇಪ್ಪತ್ತು ಮಂದಿಯನ್ನು ಎಲ್ಲಿಂದ ತಂದಾರು?

ನಾಮಪತ್ರದ ಜೊತೆ ಕೊಡಬೇಕಾದ ನಮೂನೆ 26ರ ಅಫಿಡವಿಟ್ಟಿನದು ಇನ್ನೊಂದು ಪ್ರಹಸನ. ಊರವರ ಅಫಿಡವಿಟ್ಟುಗಳನ್ನೆಲ್ಲ ನಿದ್ದೆಗಣ್ಣಲ್ಲೂ ಬರೆಯುವ ಕೈ ಇಲ್ಲಿ ನಡುಗುತ್ತದೆ. ಕಾರಣ, ಅದು ಐದು ವರ್ಷಗಳ ಆದಾಯ ಕೇಳುತ್ತದೆ, ಅದೂ ರಿಟರ್ನ್ಸಿನಲ್ಲಿ ತೋರಿಸಿದ್ದು. ಫೀಸಿಗೆ ರಸೀದಿ ಹರಿದ ನೆನಪೇ ಇಲ್ಲದವರು ಅಂಕಣ ಖಾಲಿ ಬಿಡುತ್ತಾರೆ. ಖಾಲಿ ಬಿಡುವಂತಿಲ್ಲ, ‘ಇಲ್ಲ’ ಎಂದೋ ‘ಅನ್ವಯಿಸುವುದಿಲ್ಲ’ ಎಂದೋ ಬರೆಯಲೇಬೇಕು. ನೋಟಿಸು ಕೊಟ್ಟ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದೆಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ತಾವೇ ನೋಟರಿಯಾಗಿದ್ದರೂ ತಮ್ಮ ಪ್ರಮಾಣಕ್ಕೆ ತಾವೇ ಮೊಹರು ಒತ್ತುವಂತಿಲ್ಲ. ಪಕ್ಕದ ಮೇಜಿನ ನೋಟರಿಯ ಬಳಿ ಹೋಗಬೇಕು, ಆತ ಹತ್ತು ವರ್ಷಗಳಿಂದ ಎದುರು ವಕೀಲ. ಪ್ರತಿ ಪುಟವನ್ನೂ ಓದಿಯೇ ಮೊಹರು ಹಾಕುತ್ತಾನೆ. ಸಂಜೆಯೊಳಗೆ ಸಾಹೇಬರ ಸಾಲ ಎಷ್ಟೆಂದು ವಕೀಲರ ಸಂಘಕ್ಕೆಲ್ಲ ಗೊತ್ತು. ಹೇಗಿದ್ದರೂ ಅದು ಮರುದಿನ ಆಯೋಗದ ಜಾಲತಾಣದಲ್ಲಿ ಬರುವಂಥದ್ದೇ, ಆದರೂ ಸಂಘದಲ್ಲಿ ಮೊದಲು ಹೇಳಿದವರಿಗೆ ಚಹಾ ಸಿಗುತ್ತದೆ.

ಚಿಹ್ನೆಗೆ ಮೂರು ಆಯ್ಕೆ ಬರೆದುಕೊಡಬೇಕು. ಮೊದಲ ಆಯ್ಕೆ ಏನೆಂದು ಕೇಳಬೇಕೇ? ನ್ಯಾಯದ ತಕ್ಕಡಿ. ಅದು ಪಂಜಾಬಿನ ಶಿರೋಮಣಿ ಅಕಾಲಿ ದಳದ ಸೊತ್ತು, ಮುಕ್ತ ಚಿಹ್ನೆಗಳ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವುದು ಹೂಕೋಸು, ಚಪ್ಪಲಿ, ಪ್ರೆಷರ್ ಕುಕ್ಕರ್, ಗ್ಯಾಸ್ ಸಿಲಿಂಡರ್. ನಿನ್ನೆಯವರೆಗೆ ಸಂವಿಧಾನದ 21ನೇ ವಿಧಿ ಉದ್ಧರಿಸುತ್ತಿದ್ದ ಬಾಯಿ ಇವತ್ತು ‘ಕುಕ್ಕರಿಗೆ ನಿಮ್ಮ ಮತ’ ಎನ್ನುತ್ತದೆ. ಕರಪತ್ರದಡಿ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಬೇಕೆಂಬ ಪ್ರಜಾಪ್ರತಿನಿಧಿ ಕಾಯ್ದೆಯ 127-ಎ ಕಲಂ ಆ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಮರೆತರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಮತಯಂತ್ರದ ಒಂದು ಪೆಟ್ಟಿಗೆಯಲ್ಲಿ 16 ಗುಂಡಿ. ಮೇಲೆ ಮಾನ್ಯ ಪಕ್ಷಗಳು, ನಡುವೆ ನೋಂದಾಯಿತ ಪಕ್ಷಗಳು, ಕೆಳಗೆ ಪಕ್ಷೇತರರು, ಎಲ್ಲರ ಕೆಳಗೆ ನೋಟಾ. ಅಭ್ಯರ್ಥಿಗಳು ಹದಿನೈದು ದಾಟಿದರೆ ಪ್ರತಿ ಬೂತಿಗೂ ಇನ್ನೊಂದು ಪೆಟ್ಟಿಗೆ ಜೋಡಿಸಬೇಕು. ಇನ್ನೂರಕ್ಕೂ ಹೆಚ್ಚು ಬೂತುಗಳಿಗೆ ಲಾರಿಯಲ್ಲಿ ಎರಡನೇ ಪೆಟ್ಟಿಗೆ ಸಾಗಿಸಿದ ಕೀರ್ತಿ ಹದಿನಾರನೆಯ ಸಾಹೇಬರದು.

ದೊಡ್ಡ ಪಕ್ಷಗಳಿಗೆ ಇಂಥವರ ಮೇಲೆ ವಿಶೇಷ ಮಮತೆ. ಅವರ ಹೆಸರಿನಲ್ಲಿ ವಾಹನದ ಪರವಾನಗಿ, ಬೂತ್ ಏಜೆಂಟರ ಪಾಸು, ಎಣಿಕೆ ಮೇಜಿನ ಹತ್ತಿರ ಒಂದು ಕುರ್ಚಿ ಎಲ್ಲವೂ ಸಿಗುತ್ತದೆ. ಪಾಸು ಪಕ್ಷೇತರರದು, ಕೊರಳಿನ ಶಾಲಿನ ಬಣ್ಣ ಬೇರೆಯವರದು.

ಖರ್ಚಿನ ಮಿತಿ 40 ಲಕ್ಷ. ಸಾಹೇಬರ ಖರ್ಚು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ, ಆದರೂ ಲೆಕ್ಕದ ಪುಸ್ತಕ ಬರೆಯಲೇಬೇಕು. ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕು. ಖಾತೆಯನ್ನು ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲೇ ತೆರೆದಿರಬೇಕು. ಪ್ರಚಾರದ ನಡುವೆ ಮೂರು ಬಾರಿ ತಪಾಸಣೆ. ಮೂರು ರೂಪಾಯಿ ಉಳಿಸಿ ಚಹಾ ತರಿಸಿದ್ದರೂ ಜಿಲ್ಲಾಡಳಿತದ ದರಪಟ್ಟಿಯಲ್ಲಿ ಇದ್ದಷ್ಟನ್ನೇ ಹಿಡಿಯುತ್ತಾರೆ. ಗುಲಾಬಿ ಹಾಳೆ ತುಂಬುವ ಕೆಲಸ ಜೂನಿಯರನ ತಲೆಗೆ. ಸಂಬಳ ಕಾಣದ ಆ ಹುಡುಗ ಮೊದಲ ಸಲ ಸಾಹೇಬರ ಹಣ ಎಣಿಸುತ್ತಾನೆ.

ಎಣಿಕೆಯ ದಿನ ಠೇವಣಿ ಉಳಿಯಬೇಕಾದರೆ ಸಿಂಧು ಮತಗಳಲ್ಲಿ ಆರನೇ ಒಂದಕ್ಕಿಂತ ಹೆಚ್ಚು ಬೇಕು. ಒಂದೂವರೆ ಲಕ್ಷ ಮತ ಬಿದ್ದಲ್ಲಿ 25,000ಕ್ಕೆ ಮೇಲೆ. ವಕೀಲರ ಸಂಘದ ಸದಸ್ಯರ ಮತಗಳೂ ಪೂರ್ತಿ ಬಂದಿರುವುದಿಲ್ಲ, ಹತ್ತು ಸೂಚಕರ ಬೂತುಗಳಲ್ಲಿ ಎಂಟು ಮತ ಬಿದ್ದಿರುತ್ತವೆ. ನೋಟಾ ಮುಂದಿರುತ್ತದೆ. ಮರುದಿನ ಬೆಳಗ್ಗೆ ಕಚೇರಿಗೆ ಇಬ್ಬರು ಹೊಸ ಕಕ್ಷಿದಾರರು ಬಂದು ಕೇಳುತ್ತಾರೆ: “ಕುಕ್ಕರ್ ವಕೀಲರು ಇವರೇನಾ?”

ಬೋರ್ಡು ಕೆಲಸ ಮಾಡಿದೆ. ಉಳಿದಿರುವುದು ಫಲಿತಾಂಶದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಖರ್ಚಿನ ಲೆಕ್ಕ ಒಪ್ಪಿಸುವುದೊಂದೇ. ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹತೆ. ಕಕ್ಷಿದಾರರಿಗೆ ಕಾಲಮಿತಿ ಕಾಯ್ದೆಯ ಪಾಠ ಹೇಳುವ ಸಾಹೇಬರಿಗೆ 31ನೇ ದಿನ ಗುಲಾಬಿ ಹಾಳೆಯ ನೆನಪಾಗುತ್ತದೆ. ಆಯೋಗದಿಂದ ನೋಟಿಸು ಬರುತ್ತದೆ, 20 ದಿನಗಳಲ್ಲಿ ಉತ್ತರಿಸಿ ಎಂದು. ಇಪ್ಪತ್ತನೇ ದಿನ ಸಂಜೆ ಜೂನಿಯರ್ ಮೆಮೊ ಟೈಪು ಮಾಡುತ್ತಾನೆ: ಎದುರುದಾರರ ಪರ ವಕೀಲರು ಬೇರೆ ಚುನಾವಣೆಯ ಕೆಲಸದಲ್ಲಿ ಇರುವುದರಿಂದ ಒಂದು ವಾಯಿದೆ ಕೊಡಬೇಕಾಗಿ ಪ್ರಾರ್ಥನೆ.